ಫ್ಯಾಂಟಸಿ ಆನ್‌ಲೈನ್ ಗೇಮ್ ಆಡ್ತೀರಾ? ಗಿಲ್ಡ್‌ಗೆ (ಗೇಮ್‌ನೊಳಗಿನ ಆಟಗಾರರ ತಂಡಕ್ಕೆ) ಸೇರುವ ಮುಂಚೆ ಇದನ್ನು ಓದಿ

ಮೊಬೈಲ್‌ನಲ್ಲಿ ಆಡುವ ಫ್ಯಾಂಟಸಿ ಎಂಎಂಒಆರ್‌ಪಿಜಿಯಲ್ಲಿ (ಸಾವಿರಾರು ಜನ ಒಂದೇ ಲೋಕದಲ್ಲಿ ಸೇರಿ ಆಡುವ ಆನ್‌ಲೈನ್ ಗೇಮ್) ಕತ್ತಿ, ಕವಚ ಇವುಗಳನ್ನು 'ಎನ್‌ಹ್ಯಾನ್ಸ್' ಮಾಡುವ, ಅಂದರೆ ಹಂತ ಹಂತವಾಗಿ ಶಕ್ತಿ ಹೆಚ್ಚಿಸುವ ವ್ಯವಸ್ಥೆ ಇದ್ದರೆ, ಅದು ಫೇಲ್ ಆದಾಗ ಆ ಕತ್ತಿಯೇ ಒಡೆದುಹೋಗುವ ಹಾಗಿದ್ದರೆ, ದಯವಿಟ್ಟು ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ನಾನು ಆಡಿದ ಗೇಮ್‌ನ ಹೆಸರು ಹೇಳುವುದಿಲ್ಲ. ಇದೇ ಥರದ ಗೇಮ್‌ಗಳು ಪ್ಲೇ ಸ್ಟೋರ್ ತುಂಬಾ ಇವೆ, ಒಂದರ ಹೆಸರು ಹೇಳಿದರೆ ನೀವು ಅದನ್ನು ಬಿಟ್ಟು ಪಕ್ಕದ್ದನ್ನು ಡೌನ್‌ಲೋಡ್ ಮಾಡುತ್ತೀರಿ, ಅಲ್ಲೂ ಇದೇ ಕಥೆ.

ಶುರುವಿನಲ್ಲಿ ಚೆನ್ನಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಹಿಮದ ಬೆಟ್ಟ, ತಲೆ ಮೇಲೆ ಹಾರಿಹೋಗುವ ಡ್ರ್ಯಾಗನ್, ಹಾಳುಬಿದ್ದ ಕೋಟೆ, ಒಳ್ಳೆಯ ಸಂಗೀತ. ನಾನು ಬಿಲ್ಲುಗಾರನ ಪಾತ್ರ (ಕ್ಲಾಸ್) ತೆಗೆದುಕೊಂಡೆ. ಲೆವೆಲ್ 40ರ ತನಕ ಕ್ವೆಸ್ಟ್‌ಗಳು ಸರಾಗವಾಗಿ ಸಾಗಿದವು, ಕಾಸು ಹಾಕದೆಯೂ ಖುಷಿಯಾಗಿ ಆಡಬಹುದಿತ್ತು. ಆಮೇಲೆ ಕಥೆ ನಿಂತೇ ಹೋಗುತ್ತದೆ. ಮುಂದಿನ ಅಧ್ಯಾಯ ತೆರೆಯಬೇಕಾದರೆ ಇಷ್ಟು 'ಕಾಂಬ್ಯಾಟ್ ಪವರ್' (ನಮ್ಮ ಪಾತ್ರದ ಒಟ್ಟು ಶಕ್ತಿಯ ಅಂಕಿ) ಬೇಕು ಅನ್ನುತ್ತದೆ, ಆ ಪವರ್ ಬರಬೇಕಾದರೆ ಒಂದೇ ಜಾಗದಲ್ಲಿ ನಿಂತು ಒಂದೇ ಥರದ ರಾಕ್ಷಸರನ್ನು ಸಾವಿರಾರು ಸಲ ಕೊಲ್ಲಬೇಕು. ಅದಕ್ಕೊಂದು ಆಟೋ ಬಟನ್ ಕೊಟ್ಟಿದ್ದಾರೆ. ಒತ್ತಿ, ಫೋನ್ ಚಾರ್ಜಿಗೆ ಹಾಕಿ ಮಲಗಿದರೆ ಬೆಳಗ್ಗೆವರೆಗೂ ಅದೇ ಆಡಿಕೊಳ್ಳುತ್ತದೆ, ರಾತ್ರಿಯೆಲ್ಲ ಸ್ಕ್ರೀನ್ ಮಂಕಾಗಿರಲಿ ಅಂತ ಗೇಮ್‌ನೊಳಗೇ ಪವರ್ ಸೇವಿಂಗ್ ಮೋಡ್ ಬೇರೆ. ಆಟವನ್ನು ಗೇಮೇ ಆಡುತ್ತದೆ ಅಂದಮೇಲೆ ನಮಗೆ ಉಳಿಯುವ ಕೆಲಸ ಏನು ಹೇಳಿ? ಗೇಮ್‌ನ ಅಂಗಡಿ ತೆರೆದು ನಿಜವಾದ ದುಡ್ಡಿಗೆ ಡೈಮಂಡ್ (ಗೇಮ್‌ನೊಳಗಿನ ಕಾಸು) ಕೊಳ್ಳುವುದು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಗೇಮ್‌ನಲ್ಲಿ ಕತ್ತಿಯನ್ನು +7 ಹಂತದಿಂದ +8 ಮಾಡಲು ನೂರಕ್ಕೆ 50ರಷ್ಟು ಚಾನ್ಸ್, +9ಕ್ಕೆ 30, +10ಕ್ಕೆ 20. ಒಂದೊಂದಾಗಿ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಮೂರೂ ಒಂದರ ಹಿಂದೆ ಒಂದು ಆಗಬೇಕಲ್ಲ, ಗುಣಿಸಿ ನೋಡಿ. ನೂರಕ್ಕೆ 3. ಅಂದರೆ ನೂರು ಜನ +7 ಕತ್ತಿ ಹಿಡಿದು ಹೋದರೆ ಮೂರು ಜನ +10 ಜೊತೆ ವಾಪಸ್ ಬರುತ್ತಾರೆ, ಉಳಿದ 97 ಜನರ ಕತ್ತಿ ದಾರಿಯಲ್ಲೇ ಪುಡಿಯಾಗಿರುತ್ತದೆ. ಒಡೆಯದ ಹಾಗೆ ಕಾಪಾಡುವ ಸ್ಕ್ರೋಲ್ ಇದೆ. ಒಂದಕ್ಕೆ 300 ಡೈಮಂಡ್. ದುಡ್ಡು ಕೊಟ್ಟು ಕೊಳ್ಳುವ ಒಂದು ಡೈಮಂಡ್ ಪ್ಯಾಕ್‌ನಲ್ಲಿ ಬರುವುದು 250. ಎರಡು ಪ್ಯಾಕ್ ಕೊಂಡರೆ 200 ಮಿಕ್ಕುತ್ತದೆ, ಆ 200ಕ್ಕೆ ಉಪಯೋಗಕ್ಕೆ ಬರುವ ಯಾವ ವಸ್ತುವೂ ಸಿಗುವುದಿಲ್ಲ, ಹಾಗಾಗಿ ಮತ್ತೊಂದು ಪ್ಯಾಕ್. ಇದು ಅಕಸ್ಮಾತ್ ಆದದ್ದಲ್ಲ, ಕೂತು ಯೋಚನೆ ಮಾಡಿಯೇ ಹೀಗೆ ಬೆಲೆ ಇಟ್ಟಿದ್ದಾರೆ.

ಪೆಟ್ಟಿಗೆ ತೆರೆದು ಅದೃಷ್ಟ ನೋಡುವ ಗಾಚಾ ಕೂಡ ಇದೇ. ನೂರಕ್ಕೆ ಒಂದು ಚಾನ್ಸ್ ಅಂದರೆ ನೂರು ಸಲ ತೆರೆದರೆ ಬಂದೇ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬರುವುದಿಲ್ಲ. ನೂರು ಸಲ ತೆರೆದವರಲ್ಲಿ ನೂರಕ್ಕೆ ಸುಮಾರು 37 ಜನಕ್ಕೆ ಒಂದೂ ಸಿಕ್ಕಿರುವುದಿಲ್ಲ. ಇಷ್ಟು ಸಲ ಆದಮೇಲೆ ಖಂಡಿತ ಕೊಡುತ್ತೇವೆ ಅನ್ನುವ 'ಪಿಟಿ' ನಿಯಮ ಬರಹದಲ್ಲಿ ಇದ್ದರೆ ಮಾತ್ರ ಬೇರೆ ವಿಷಯ.

ಗೇಮ್‌ನಲ್ಲಿ ತೋರಿಸುವ ಪರ್ಸೆಂಟೇಜ್ ಆದರೂ ನಿಜವೇ ಅಂತ ಕೇಳಿದರೆ, ದಕ್ಷಿಣ ಕೊರಿಯಾದಲ್ಲಿ ಆಗಿದ್ದನ್ನು ಹೇಳುತ್ತೇನೆ. ಅಲ್ಲಿನ ಫೇರ್ ಟ್ರೇಡ್ ಕಮಿಷನ್ 2024ರ ಜನವರಿಯಲ್ಲಿ ನೆಕ್ಸಾನ್ ಕಂಪನಿಗೆ 1,160 ಕೋಟಿ ವಾನ್, ನಮ್ಮ ಲೆಕ್ಕದಲ್ಲಿ 70 ಕೋಟಿ ರೂಪಾಯಿಗೂ ಮೇಲೆ, ದಂಡ ಹಾಕಿತು. ಮೇಪಲ್‌ಸ್ಟೋರಿ ಗೇಮ್‌ನಲ್ಲಿ ಆಯುಧ, ಕವಚಗಳ ಹೆಚ್ಚುವರಿ ಶಕ್ತಿಗಳನ್ನು ಬದಲಿಸುವ 'ಕ್ಯೂಬ್' ಎಂಬ ವಸ್ತುವಿನ ಚಾನ್ಸ್‌ಗಳನ್ನು ಆಟಗಾರರಿಗೆ ಹೇಳದೆ ಇಳಿಸಿದ್ದರು, ಎಲ್ಲರೂ ಆಸೆಪಡುವ ಕೆಲವು ಶಕ್ತಿಗಳ ಜೋಡಿಗಳು ಬರುವ ಚಾನ್ಸ್ ಸೊನ್ನೆ ಮಾಡಿಟ್ಟಿದ್ದರು. ಸೊನ್ನೆ! ಜನ ವರ್ಷಗಟ್ಟಲೆ ಅದಕ್ಕೆ ದುಡ್ಡು ಹಾಕಿದ್ದರು. ಅದೇ ವರ್ಷ ಮಾರ್ಚ್‌ನಿಂದ ಕೊರಿಯಾದಲ್ಲಿ ಚಾನ್ಸ್‌ಗಳನ್ನು ಬಹಿರಂಗವಾಗಿ ತೋರಿಸಲೇಬೇಕು ಅನ್ನುವ ಕಾನೂನು ಜಾರಿಗೆ ಬಂತು. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು (ಇಂಥ ಅದೃಷ್ಟದ ಪೆಟ್ಟಿಗೆಗಳನ್ನು) ಜೂಜು ಅಂತ ಹೇಳಿದೆ, 2022ರಲ್ಲಿ ಡಯಾಬ್ಲೊ ಇಮ್ಮಾರ್ಟಲ್ ಎಂಬ ಗೇಮ್ ಬಂದಾಗ ಬೆಲ್ಜಿಯಂ, ನೆದರ್ಲೆಂಡ್ಸ್‌ನಲ್ಲಿ ಅದು ಬಿಡುಗಡೆಯೇ ಆಗಲಿಲ್ಲ. ನಮ್ಮಲ್ಲಿ 2025ರಲ್ಲಿ ಆನ್‌ಲೈನ್ ಗೇಮಿಂಗ್ ಕಾನೂನು ಬಂದಿದೆ ನಿಜ, ಆದರೆ ಅದು ಮುಖ್ಯವಾಗಿ ಕಣ್ಣಿಟ್ಟಿರುವುದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳ ಮೇಲೆ. ಇಲ್ಲಿ ನೀವು ದುಡ್ಡು ಹಾಕಿ ಗೆಲ್ಲುವುದು ಕತ್ತಿಯ ಚಿತ್ರ. ಸರಕಾರ ನೋಡಿಕೊಳ್ಳುತ್ತದೆ ಅಂತ ಸುಮ್ನೆ ಕೂರಬೇಡಿ.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ದುಡ್ಡು ಹಾಕುತ್ತಾರೆ? ಗಿಲ್ಡ್‌ನಿಂದ. ಇದು ನನಗೆ ಈಗಲೂ ಹೊಟ್ಟೆ ಉರಿಸುವ ವಿಷಯ.

ನಮ್ಮದು ಕನ್ನಡದವರದ್ದೇ ಗಿಲ್ಡ್. ಮೈಸೂರಿನವರು, ದಾವಣಗೆರೆಯವರು, ಬೆಳಗಾವಿಯ ಒಬ್ಬರು ಮೇಡಂ, ದುಬೈನಲ್ಲಿ ಕೆಲಸ ಮಾಡುವ ಇಬ್ಬರು. ಆಡುತ್ತಾ ಆಡುತ್ತಾ ವಾಯ್ಸ್ ಚಾಟ್‌ನಲ್ಲಿ ಮನೆ ಮಾತು, ಕೆಲಸದ ಮಾತು ಎಲ್ಲ ಆಗುತ್ತಿತ್ತು. ಗೇಮ್‌ಗಿಂತ ಈ ಜನಕ್ಕೋಸ್ಕರವೇ ನಾನು ಲಾಗಿನ್ ಆಗುತ್ತಿದ್ದೆ. ಗೇಮ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ವಾರಕ್ಕೊಮ್ಮೆ ಕೋಟೆ ಯುದ್ಧ ಇಡುತ್ತಾರೆ, ಸೋತರೆ ಇಡೀ ಗಿಲ್ಡ್‌ಗೆ ಬರುವ ದಿನದ ಬಹುಮಾನ ನಿಲ್ಲುತ್ತದೆ. ಒಬ್ಬ ದುರ್ಬಲನಾಗಿದ್ದರೆ ಐವತ್ತು ಜನಕ್ಕೆ ನಷ್ಟ. ಆಗ ಕಂಪನಿ ನಿಮ್ಮ ಹತ್ತಿರ ದುಡ್ಡು ಕೇಳಬೇಕಾಗಿಯೇ ಇಲ್ಲ. "ಗುರೂ, ನಿನ್ನ ಪವರ್ ಒಂಚೂರು ಕಮ್ಮಿ ಇದೆಯಲ್ಲ, ಈ ವಾರ ಪ್ಯಾಕ್ ಆಫರ್ ಇದೆ ನೋಡು" ಅಂತ ನಿಮ್ಮ ಗೆಳೆಯನೇ ಕೇಳುತ್ತಾನೆ. ಪ್ರೀತಿಯಿಂದಲೇ ಕೇಳುತ್ತಾನೆ. ಇಲ್ಲ ಅನ್ನುವುದು ಕಷ್ಟ.

ಯುದ್ಧದ ಹೊತ್ತು ಸರ್ವರ್ ಗಡಿಯಾರದ ಪ್ರಕಾರ ರಾತ್ರಿ 8. ಸರ್ವರ್ ಇದ್ದದ್ದು ಸಿಂಗಾಪುರದ ಸಮಯದಲ್ಲಿ, ಅಂದರೆ ನಮಗೆ ಸಂಜೆ 5.30. ಆಫೀಸಿನ ಹೊತ್ತು! ಬೆಳಗಾವಿ ಮೇಡಂ ಬಸ್ಸಿನಲ್ಲಿ ನಿಂತುಕೊಂಡೇ ಆಡುತ್ತಿದ್ದರು. ಎರಡು ಯುದ್ಧ ತಪ್ಪಿಸಿದರೆ ಗಿಲ್ಡ್‌ನಿಂದ ತೆಗೆಯುವ ನಿಯಮ ಬಂತು, ಅವರನ್ನು ತೆಗೆದೂಬಿಟ್ಟರು. ದಾವಣಗೆರೆಯ ಕಾಲೇಜು ಹುಡುಗ ಅಪ್ಪನ ಫೋನಿನಿಂದ ಪ್ಯಾಕ್ ಕೊಂಡು ಮನೆಯಲ್ಲಿ ದೊಡ್ಡ ರಂಪವಾಯಿತು. ಅವನು ಆಮೇಲೆ ಅಗ್ಗದ ಡೈಮಂಡ್ ಸಿಗುತ್ತದೆ ಅಂತ ಟೆಲಿಗ್ರಾಂನಲ್ಲಿ ಯಾರದೋ ಹತ್ತಿರ ಹೋದ. ಅವರು ಲಾಗಿನ್, ಓಟಿಪಿ ಎರಡೂ ಕೇಳಿದರು, ಇವನು ಕೊಟ್ಟ, ಅಕೌಂಟೇ ಹೋಯಿತು. ಈ ಅಗ್ಗದ ಡೈಮಂಡ್ ಮಾರುವವರ ಸಹವಾಸವೇ ಬೇಡ. ಎಷ್ಟೋ ಸಲ ಕದ್ದ ಕಾರ್ಡ್‌ನಿಂದ ಕೊಂಡಿರುತ್ತಾರೆ, ಕಾರ್ಡಿನ ಮಾಲೀಕರು ದುಡ್ಡು ವಾಪಸ್ ತೆಗೆದುಕೊಂಡ ತಕ್ಷಣ ನಿಮ್ಮ ಅಕೌಂಟ್ ಬ್ಯಾನ್ ಆಗುತ್ತದೆ. ಮೋಸ ಆಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ ಏನಾಯಿತು ಅಂದರೆ, ಸರ್ವರ್‌ಗಳನ್ನು (ಆಟಗಾರರನ್ನು ಹಂಚಿಟ್ಟಿರುವ ಬೇರೆ ಬೇರೆ ಲೋಕಗಳನ್ನು) ಮರ್ಜ್ ಮಾಡಿದರು. ಜನ ಬಿಟ್ಟುಹೋಗಿ ಖಾಲಿಯಾದ ಸರ್ವರ್‌ಗಳನ್ನು ಸೇರಿಸುವುದು ಇಂಥ ಗೇಮ್‌ಗಳಲ್ಲಿ ಮಾಮೂಲಿ. ನಮ್ಮ ಸರ್ವರ್‌ನಲ್ಲಿ ನಾವು ಮೊದಲ ಮೂರರಲ್ಲಿದ್ದೆವು, ಸೇರಿಸಿದ ಮೇಲೆ ಲಕ್ಷಗಟ್ಟಲೆ ಸುರಿದವರ ಎದುರು ಎರಡು ನಿಮಿಷ ನಿಲ್ಲಲಿಲ್ಲ. ಅದರ ಬೆನ್ನಿಗೇ ಹೊಸ ದರ್ಜೆಯ ಆಯುಧ ಬಂತು, ಕಷ್ಟಪಟ್ಟು ಮಾಡಿದ +9, +10 ಎಲ್ಲ ಹಳೆಯದಾಯಿತು. ಸಪೋರ್ಟ್‌ಗೆ ಬರೆದೆ. 'ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟ ತಂಡಕ್ಕೆ ತಲುಪಿಸುತ್ತೇವೆ' ಅನ್ನುವ ಅದೇ ಉತ್ತರ ಪ್ರತಿ ಸಲ. ಗಿಲ್ಡ್ ಒಡೆಯಿತು. ಪವರ್ ಯಾರಿಂದ ಕಮ್ಮಿಯಾಯಿತು ಅಂತ ಶುರುವಾದ ಜಗಳದಲ್ಲಿ ಒಳ್ಳೆಯ ಸ್ನೇಹಿತರು ಮಾತು ಬಿಟ್ಟರು. ಹೋದ ದುಡ್ಡಿಗಿಂತ ಇದು ನನಗೆ ಜಾಸ್ತಿ ನೋವು ಕೊಟ್ಟದ್ದು.

ಹಾಗಂತ ಎಂಎಂಒಆರ್‌ಪಿಜಿಗಳೇ ಬೇಡ ಅನ್ನುತ್ತಿಲ್ಲ. ಗಿಲ್ಡ್ ವಾರ್ಸ್ 2 ಅನ್ನು 2012ರಿಂದಲೂ ತಿಂಗಳ ಚಂದಾ ಇಲ್ಲದೆ ಆಡಬಹುದು, ಸರ್ವರ್ ಅಮೆರಿಕ, ಯುರೋಪ್‌ನಲ್ಲಿರುವುದರಿಂದ ಇಲ್ಲಿಂದ ಪಿಂಗ್ ಜಾಸ್ತಿ ಬರುತ್ತದೆ, ಅಂದರೆ ಒತ್ತಿದ್ದು ಸ್ವಲ್ಪ ತಡವಾಗಿ ಆಗುತ್ತದೆ, ಅಷ್ಟೇ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಫೋನಿನಲ್ಲೂ ಸಿಗುತ್ತದೆ, ನೋಡಲು ಹಳೆಯ ಕಾಲದ್ದು, ಆದರೆ ಅಲ್ಲಿ ದೊಡ್ಡ ಬದಲಾವಣೆ ತರುವ ಮುಂಚೆ ಆಟಗಾರರ ಮತ ಕೇಳುತ್ತಾರೆ.

ಹೊಸ ಗೇಮ್ ಹಾಕಿಕೊಳ್ಳುವ ಮುಂಚೆ ಪ್ಲೇ ಸ್ಟೋರ್ ಪುಟದ 'ಅಬೌಟ್' ಭಾಗದಲ್ಲಿ ಕೆಳಗೆ ಹೋಗಿ, ಒಂದು ಐಟಂಗೆ ಎಷ್ಟರಿಂದ ಎಷ್ಟು ರೂಪಾಯಿ ಅಂತ ಬರೆದಿರುತ್ತದೆ, ಮೊದಲು ಅದನ್ನು ನೋಡಿ. ಮೇಲಿನ ಅಂಕಿ ಸಾವಿರಗಳಲ್ಲಿದ್ದರೆ ಆ ಗೇಮ್ ಯಾರಿಗೋಸ್ಕರ ಮಾಡಿದ್ದು ಅಂತ ಗೊತ್ತಾಗುತ್ತದೆ. ಮನೆಯಲ್ಲಿ ತಮ್ಮ, ತಂಗಿ, ಮಕ್ಕಳು ನಿಮ್ಮ ಫೋನಿನಲ್ಲಿ ಆಡುತ್ತಿದ್ದರೆ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಸೆಟ್ಟಿಂಗ್ಸ್ ಇವತ್ತೇ ಬದಲಿಸಿ. ಹಾಗೆ ಅವರು ಗೊತ್ತಿಲ್ಲದೆ ಕೊಂಡು ದುಡ್ಡು ಕಟ್ ಆಗಿದ್ದರೆ 48 ಗಂಟೆಯೊಳಗೆ ಗೂಗಲ್‌ಗೇ ರಿಫಂಡ್ ಕೇಳಿ, ಅದು ದಾಟಿದರೆ ಗೇಮ್ ಕಂಪನಿಯನ್ನು ಕೇಳಿ ಅನ್ನುತ್ತಾರೆ, ಅವರು ಕೊಡುವುದು ಕಷ್ಟ. ಇನ್ನೊಂದು ಮಾತು, ಗೇಮ್ ಡಿಲೀಟ್ ಮಾಡಿದರೆ ಮಂತ್ಲಿ ಪಾಸ್ ನಿಲ್ಲುವುದಿಲ್ಲ. ನಮ್ಮ ಗಿಲ್ಡ್‌ನ ಮೈಸೂರಿನವರೊಬ್ಬರಿಗೆ ಗೇಮ್ ತೆಗೆದ ಮೇಲೂ ತಿಂಗಳು ತಿಂಗಳು ಕಟ್ ಆಗುತ್ತಲೇ ಇತ್ತು. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್‌ನಲ್ಲಿ ಕ್ಯಾನ್ಸಲ್ ಮಾಡಿ, ಜೊತೆಗೆ ನಿಮ್ಮ ಯುಪಿಐ ಆಪ್‌ನ ಆಟೋಪೇ ಪಟ್ಟಿಯಲ್ಲೂ ಅದು ಇನ್ನೂ ಇದೆಯಾ ಅಂತ ಒಮ್ಮೆ ನೋಡಿಬಿಡಿ.