ಸಲಹೆಗೂ ದುಡ್ಡು ಕೊಡಬೇಕಾ? ಫೈನಾನ್ಶಿಯಲ್ ಪ್ಲಾನರ್ ಜೊತೆ ಆರು ವರ್ಷ

2019ರಲ್ಲಿ ಮೈಸೂರಿನ ಪ್ಲಾನರ್ ಒಬ್ಬರಿಗೆ ವರ್ಷಕ್ಕೆ 18,000 ರೂಪಾಯಿ ಫೀ ಕಟ್ಟಿದಾಗ ಅಪ್ಪ ನಕ್ಕಿದ್ದರು. "ಬ್ಯಾಂಕಿನವರು ಮನೆಗೇ ಬಂದು ಪುಕ್ಕಟೆ ಹೇಳ್ತಾರಲ್ಲೋ!"

ಆ ಪುಕ್ಕಟೆ ಸಲಹೆಯ ಫಲವೇ ನನ್ನ ಎಂಡೋಮೆಂಟ್ ಪಾಲಿಸಿ, ಅಂದರೆ ವಿಮೆ, ಉಳಿತಾಯ ಎರಡೂ ಸೇರಿದ್ದು. ವರ್ಷಕ್ಕೆ 60,000 ಪ್ರೀಮಿಯಂ. ಮೊದಲ ಭೇಟಿಗೆ ಹೆಂಡತಿಯನ್ನೂ ಕರ್ಕೊಂಡು ಬನ್ನಿ ಅಂದಿದ್ದರು ಪ್ಲಾನರ್. ಪಾಲಿಸಿ ಬಾಂಡ್ ತಿರುವಿ ನೋಡಿ ಕೇಳಿದ್ದು ನನ್ನನ್ನಲ್ಲ, ಅವಳನ್ನು.

"ಮೇಡಂ, ತಿಂಗಳ ಮನೆ ಖರ್ಚು ಎಷ್ಟು?"

"45,000."

"ಇವರಿಗೆ ಏನಾದ್ರೂ ಆದ್ರೆ ಇದರಲ್ಲಿ ಬರೋದು 6 ಲಕ್ಷ. ಎಷ್ಟು ತಿಂಗಳು ನಡೆಯುತ್ತೆ?"

ಅವಳು ಬೆರಳು ಮಡಿಸಿ ಲೆಕ್ಕ ಹಾಕಿ "ಹದಿಮೂರು" ಅಂದಳು. ಆಮೇಲೆ ದಾರಿಯುದ್ದಕ್ಕೂ ಮಾತಿಲ್ಲ. ಅದೇ ತಿಂಗಳು 1 ಕೋಟಿಯ ಟರ್ಮ್ ಇನ್ಶೂರೆನ್ಸ್ (ಉಳಿತಾಯವಿಲ್ಲದ, ಬರೀ ಜೀವ ವಿಮೆ) ನಾನೇ ಆನ್‌ಲೈನ್‌ನಲ್ಲಿ ಮಾಡಿಸಿದೆ. ಹಳೇ ಪಾಲಿಸಿಯನ್ನು ಪೇಯ್ಡ್‌ಅಪ್ ಮಾಡಿ ಬಿಟ್ಟೆ, ಅಂದರೆ ಮುಂದಿನ ಪ್ರೀಮಿಯಂ ಕಟ್ಟೋದು ನಿಲ್ಲಿಸಿದೆ.

ಇವರಿಗಿಂತ ಮೊದಲು ಇಬ್ಬರನ್ನು ನೋಡಿದ್ದೆ. ಇಬ್ಬರ ಕಾರ್ಡಿನಲ್ಲೂ 'ಫೈನಾನ್ಶಿಯಲ್ ಪ್ಲಾನರ್' ಅಂತಲೇ ಇತ್ತು, ಕೆಳಗೆ ಸಣ್ಣಕ್ಷರದಲ್ಲಿ ಎಆರ್‌ಎನ್ ನಂಬರ್. ಅಂದರೆ ಮ್ಯೂಚುವಲ್ ಫಂಡ್ ವಿತರಕರು, ಕಮಿಷನ್ ಮೇಲೆ ನಡೆಯುವವರು. ತಪ್ಪೇನಿಲ್ಲ, ಆದರೆ ನಮಗೆ ಗೊತ್ತಿರಬೇಕು ಅಲ್ವಾ? ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರ ನಂಬರ್ ಐಎನ್‌ಎ ಅಂತ ಶುರುವಾಗುತ್ತೆ. ಸೆಬಿ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿದರೆ ಎರಡು ನಿಮಿಷದ ಕೆಲಸ. ಇಂಥ ಸಲಹೆಗಾರರು ಒಂದೇ ಗ್ರಾಹಕರಿಂದ ಫೀ, ಕಮಿಷನ್ ಎರಡೂ ತಗೊಳ್ಳುವ ಹಾಗಿಲ್ಲ.

ಈಗ ದುಡ್ಡಿನ ಲೆಕ್ಕ. ಆಗ ಮ್ಯೂಚುವಲ್ ಫಂಡಿನ ನನ್ನ 12 ಲಕ್ಷ, ವಿತರಕರ ಕಮಿಷನ್ ಸೇರಿರುವ ರೆಗ್ಯುಲರ್ ಪ್ಲಾನ್‌ಗಳಲ್ಲಿತ್ತು, ಖರ್ಚು ವರ್ಷಕ್ಕೆ ಶೇ. 1.8. ಅವೇ ಫಂಡ್‌ಗಳ, ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ನಲ್ಲಿ ಶೇ. 0.8. ಡೈರೆಕ್ಟ್ ಅನ್ನೋದು 2013ರ ಜನವರಿಯಿಂದಲೇ ಇದೆ, ನನಗೆ ಯಾರೂ ಹೇಳಿರಲಿಲ್ಲ. ವ್ಯತ್ಯಾಸ ವರ್ಷಕ್ಕೆ 12,000. ಫೀ 18,000! ಬರೀ ಇದನ್ನೇ ನೋಡಿದರೆ ಮೊದಲ ವರ್ಷ ನನಗೆ ಲಾಸೇ. ಆದರೆ ಫೀ ಕೈಯಿಂದ ಕೊಡುವಾಗ ಚುರ್ ಅನ್ನುತ್ತೆ, ಆ ಇನ್ನೊಂದು ದುಡ್ಡು ಎನ್‌ಎವಿ (ಫಂಡಿನ ಒಂದು ಯೂನಿಟ್ಟಿನ ಬೆಲೆ) ಒಳಗೇ ಸದ್ದಿಲ್ಲದೆ ಕರಗುತ್ತೆ. ಈಗ ಫೀ 24,000, ಫಂಡ್‌ನಲ್ಲಿರುವ ಮೊತ್ತ ಮೂರು ಪಟ್ಟು. ಡೈರೆಕ್ಟ್‌ಗೆ ಎಲ್ಲಾ ಒಂದೇ ಸಲ ಬದಲಾಯಿಸಲು ಬಿಡಲಿಲ್ಲ. ಎಕ್ಸಿಟ್ ಲೋಡ್ (ಬೇಗ ಹೊರಬಂದರೆ ಫಂಡ್ ಹಿಡಿಯುವ ಶುಲ್ಕ), ಟ್ಯಾಕ್ಸ್ ನೋಡಿಕೊಂಡು ಮೂರು ಆರ್ಥಿಕ ವರ್ಷಕ್ಕೆ ಹಂಚಿದರು.

ದೂರುಗಳೂ ಇವೆ. ಮಾರ್ಚ್ ಬಂತೆಂದರೆ ಮನುಷ್ಯ ಕೈಗೆ ಸಿಗಲ್ಲ. ಒಮ್ಮೆ ಒಂದು ಮೇಲ್‌ಗೆ ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಮೊದಲ ವರದಿ 34 ಪುಟದ ಇಂಗ್ಲಿಷ್. ಹೆಂಡತಿ ಗದರಿದ ಮೇಲೆ ಈಗ ಒಂದು ಪುಟ ಕನ್ನಡದಲ್ಲಿ ಬರುತ್ತೆ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿಮೆ ಮಾಡಿದ್ದು ಮಾರ್ಚ್‌ಗಾಗಿ, ಸ್ವಲ್ಪ ಸೈಟಿಗಾಗಿಯೂ. ವರುಣಾ ಕಡೆ ಒಂದು 30×40 ನೋಡಿಟ್ಟಿದ್ದೇನೆ. "ಮನೆ ಕಟ್ತೀರಾ, ಸುಮ್ನೆ ಬೇಲಿ ಹಾಕಿ ಬಿಡ್ತೀರಾ?" ಅಂತ ಪ್ರತಿ ಸಲ ಕೇಳ್ತಾರೆ. ಎರಡು ವರ್ಷದಿಂದ ಇದೇ ಜಗಳ. ಹೆಂಡತಿ ಅವರ ಕಡೆ.