ಅಜ್ಜನ ತಮಟೆ, ಅಮ್ಮಮ್ಮನ ತಂಬುಳಿ

ಮಗಳು ಒಂದನೇ ತರಗತಿಗೆ ಸೇರುವ ಹೊತ್ತಿಗೆ ಕತೆಪುಸ್ತಕಗಳನ್ನು ತಾನೇ ಓದುತ್ತಿದ್ದಳು. ಆದರೆ ಆಟಿಕೆಯ ಪೆಟ್ಟಿಗೆಯಲ್ಲಿ ಸಿಕ್ಕ ಸೂಚನೆಯ ಹಾಳೆಯನ್ನೋ, ಬೀಜದ ಪೊಟ್ಟಣದ ಹಿಂಬದಿಯನ್ನೋ ಕಂಡರೆ ನನ್ನ ಕೈಗೆ ತುರುಕಿ, "ನೀನೇ ಓದಿ ಹೇಳು" ಎನ್ನುತ್ತಿದ್ದಳು. ಕತೆ ತನ್ನದು, ಉಳಿದದ್ದೆಲ್ಲ ದೊಡ್ಡವರ ಕಾಗದ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಆ ತೀರ್ಮಾನವನ್ನು ಬಿಡಿಸಿದ್ದು ಒಂದು ಟಿವಿ ಕಾರ್ಯಕ್ರಮ. ಮಿನೆಸೋಟದ ಉದ್ದನೆಯ ಚಳಿಗಾಲದಲ್ಲಿ ನಾವಿಬ್ಬರೂ ಕಂಬಳಿ ಹೊದ್ದು ಕುಳಿತು ನೋಡಿದ 'ಮೋಲಿ ಆಫ್ ಡೆನಾಲಿ'.

ಅಮೆರಿಕದ ಸಾರ್ವಜನಿಕ ವಾಹಿನಿ ಪಿಬಿಎಸ್ ಕಿಡ್ಸ್‌ನಲ್ಲಿ ಇದು 2019ರ ಜುಲೈನಲ್ಲಿ ಆರಂಭವಾಯಿತು. 4ರಿಂದ 8 ವರ್ಷದ ಮಕ್ಕಳಿಗೆಂದು ಮಾಡಿದ್ದು. ಅಲಾಸ್ಕಾದ ಕ್ಯಾ ಎಂಬ ಕಲ್ಪಿತ ಹಳ್ಳಿಯಲ್ಲಿ ಹತ್ತು ವರ್ಷದ ಮೋಲಿಯ ಅಪ್ಪ ಅಮ್ಮ ಅಂಗಡಿ ನಡೆಸುತ್ತಾರೆ. ನಮ್ಮ ಊರುಗಳ ದಿನಸಿ ಅಂಗಡಿಯ ಹಾಗೆ ಇಡೀ ಊರೇ ಬಂದು ಹೋಗುವ ಜಾಗ ಅದು. ಮೋಲಿ ಅಲಾಸ್ಕಾದ ಮೂಲನಿವಾಸಿಗಳಾದ ಅಥಾಬಾಸ್ಕನ್ ಜನರ ಹುಡುಗಿ. ಅಮೆರಿಕದಾದ್ಯಂತ ಪ್ರಸಾರವಾದ ಮಕ್ಕಳ ಕಾರ್ಯಕ್ರಮಗಳಲ್ಲಿ ಅಲಾಸ್ಕಾದ ಮೂಲನಿವಾಸಿ ಮಗುವೊಂದು ನಾಯಕಿಯಾದದ್ದು ಇದೇ ಮೊದಲು. ಮೂಲನಿವಾಸಿ ಪಾತ್ರಗಳಿಗೆ ಮೂಲನಿವಾಸಿ ಕಲಾವಿದರೇ ಧ್ವನಿ ಕೊಟ್ಟಿದ್ದಾರೆ.

ಇದರ ಪಾಠ ಅಕ್ಷರಮಾಲೆಯಲ್ಲ. ನಕ್ಷೆ, ಪಟ್ಟಿ, ಅಡುಗೆಯ ವಿಧಾನ, ಯಂತ್ರದ ಕೈಪಿಡಿ, ಗಿಡ ಗುರುತಿಸುವ ಪುಸ್ತಕ, ಹಳೆಯ ಫೋಟೋದ ಕೆಳಗಿನ ಒಂದು ಸಾಲು ಇಂಥ ಕೆಲಸಕ್ಕೆ ಬರುವ ಬರಹವನ್ನು ಹುಡುಕಿ, ಓದಿ, ಬಳಸುವುದನ್ನು ಇದು ಕಲಿಸುತ್ತದೆ. ಮೋಲಿಗೆ ಏನೋ ಒಂದು ಬೇಕಾಗುತ್ತದೆ, ದಾರಿ ತಿಳಿಯುವುದಿಲ್ಲ, ಓದುತ್ತಾಳೆ, ಮಾಡಿ ನೋಡುತ್ತಾಳೆ, ತಪ್ಪಾದರೆ ಮತ್ತೆ ಓದುತ್ತಾಳೆ. ಎರಡು ಕತೆಗಳ ನಡುವೆ ಅಲಾಸ್ಕಾದ ನಿಜವಾದ ಮಕ್ಕಳು ತಮ್ಮ ಊರಿನ ಕೆಲಸಗಳನ್ನು ಮಾಡುವ ತುಣುಕು ಬರುತ್ತದೆ. ಮಗಳಿಗೆ ಕಾರ್ಟೂನಿಗಿಂತ ಅದೇ ಹೆಚ್ಚು ಇಷ್ಟ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲ ಸಂಚಿಕೆಯ ಅಜ್ಜನ ಕತೆ. ನ್ಯಾಟ್ ಅಜ್ಜ ಚಿಕ್ಕವನಿದ್ದಾಗ ಹಾಡುತ್ತಿದ್ದ ಫೋಟೋ ಮೋಲಿಗೆ ಸಿಗುತ್ತದೆ. ಅವನ ಬಳಿ ಚಪ್ಪಟೆಯಾದ, ನಮ್ಮ ತಮಟೆಯಂಥ ವಾದ್ಯವೊಂದಿತ್ತು. ಈಗ ಅಜ್ಜ ಹಾಡುವುದೇ ಇಲ್ಲ. ಅವನನ್ನು ಕಳಿಸಿದ ವಸತಿ ಶಾಲೆಯಲ್ಲಿ ಮೂಲನಿವಾಸಿ ಮಕ್ಕಳು ತಮ್ಮ ಹಾಡು ಹಾಡುವಂತಿರಲಿಲ್ಲ. ಅಜ್ಜ ವಾದ್ಯವನ್ನು ಗೆಳತಿಯೊಬ್ಬಳಿಗೆ ಕೊಟ್ಟುಬಿಟ್ಟಿದ್ದ. ಮೋಲಿ ಆ ಗೆಳತಿಯನ್ನು ಹುಡುಕಿಕೊಂಡು ಹೊರಡುತ್ತಾಳೆ. ಆರು ವರ್ಷದ ಮಕ್ಕಳಿಗೆ ಈ ಇತಿಹಾಸವನ್ನು ಮರೆಮಾಚದೆ, ಹೆದರಿಸದೆ, ನಾಲ್ಕೇ ಮಾತಿನಲ್ಲಿ ಹೇಳಿದ್ದಾರೆ.

ಮಗಳು ನನ್ನ ಕಡೆ ತಿರುಗಿ, "ನಿನ್ನ ಶಾಲೆಯಲ್ಲಿ ಕನ್ನಡದಲ್ಲಿ ಹಾಡಲು ಬಿಡುತ್ತಿದ್ದರಾ?" ಎಂದು ಕೇಳಿದಳು. ನಾನು ಓದಿದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕನ್ನಡ ಮಾತನಾಡಿದರೆ ಎಂಟಾಣೆ ದಂಡ ಇತ್ತು. ಅದನ್ನು ಹೇಳಿದೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಎಂದೂ ಹೇಳಿದೆ. ಸಂಜೆ ನಾಲ್ಕಕ್ಕೆ ಗಂಟೆ ಹೊಡೆದರೆ ನಾನು ಮನೆಗೆ ಓಡುತ್ತಿದ್ದೆ, ಅಲ್ಲಿ ಅಮ್ಮ ಇರುತ್ತಿದ್ದಳು, ಕನ್ನಡ ಇರುತ್ತಿತ್ತು. ಆ ಮಕ್ಕಳಿಗೆ ಸಂಜೆ ಓಡಿಹೋಗಲು ಮನೆ ಹತ್ತಿರದಲ್ಲಿರಲಿಲ್ಲ.

ಕೊರತೆಗಳೂ ಇವೆ. ಒಂದೊಂದು ಕತೆಗೆ ಹನ್ನೊಂದು ನಿಮಿಷವಷ್ಟೇ ಇರುವುದರಿಂದ ಕೊನೆಯ ಎರಡು ನಿಮಿಷದಲ್ಲಿ ಎಲ್ಲವೂ ಅವಸರವಾಗಿ ಸರಿಹೋಗುತ್ತದೆ. ನಾವು ನೋಡಿದ ಸಂಚಿಕೆಗಳಲ್ಲಿ ಮೋಲಿ ಓದಿದ ಮಾಹಿತಿ ಬಹುಪಾಲು ನಿಜವೇ ಆಗಿರುತ್ತದೆ. ಇಂಟರ್‌ನೆಟ್ಟಿನಲ್ಲಿ ಬರೆದದ್ದನ್ನು ಅನುಮಾನಿಸಬೇಕು ಎಂಬುದನ್ನು ನಾನೇ ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕಾಯಿತು. ಮಗುವನ್ನು ಟಿವಿಯ ಮುಂದೆ ಕೂರಿಸಿ ನೀವು ಅಡುಗೆಮನೆಗೆ ಹೋದರೆ ಅರ್ಧದಷ್ಟೇ ದಕ್ಕುತ್ತದೆ.

ನೋಡಲು ದುಡ್ಡು ಬೇಕಿಲ್ಲ. ಸ್ಥಳೀಯ ಪಿಬಿಎಸ್ ಕೇಂದ್ರದ ಪ್ರಸಾರ ಸಾಮಾನ್ಯ ಆಂಟೆನಾಕ್ಕೂ ಸಿಗುತ್ತದೆ, ಪಿಬಿಎಸ್ ಕಿಡ್ಸ್ ಆ್ಯಪ್ ಉಚಿತ. ನಡುವೆ ಆಟಿಕೆ, ಚಾಕೊಲೇಟುಗಳ ಜಾಹೀರಾತು ನುಗ್ಗುವುದಿಲ್ಲ. ಬೇರೆಡೆ ಕಾರ್ಟೂನು ನೋಡಿದ ದಿನ ಅಂಗಡಿಯಲ್ಲಿ ನಡೆಯುವ ಹಟ ನೆನೆದರೆ ಇದು ಎಷ್ಟು ದೊಡ್ಡ ಉಪಕಾರ ಎಂಬುದು ತಾಯಂದಿರಿಗೆ ಗೊತ್ತು. ಈ ಕಾರ್ಯಕ್ರಮಕ್ಕೆ ಹಣ ಒದಗಿಸಿದ ಕೇಂದ್ರ ಶಿಕ್ಷಣ ಇಲಾಖೆಯ 'ರೆಡಿ ಟು ಲರ್ನ್' ಅನುದಾನವನ್ನು 2025ರ ಮೇ ತಿಂಗಳಲ್ಲಿ ನಿಲ್ಲಿಸಿದರು. ಜುಲೈನಲ್ಲಿ ಸಾರ್ವಜನಿಕ ಪ್ರಸಾರಕ್ಕೆಂದು ಇಟ್ಟಿದ್ದ ಸುಮಾರು 110 ಕೋಟಿ ಡಾಲರನ್ನೂ ಸಂಸತ್ತು ಹಿಂಪಡೆಯಿತು. ನನಗೆ ಇದು ಸಂಕಟದ ಸುದ್ದಿ. ನಮ್ಮೂರಿನ ಕೇಂದ್ರಕ್ಕೆ ತಿಂಗಳಿಗೆ ಹತ್ತು ಡಾಲರ್ ಕೊಡಲು ಶುರು ಮಾಡಿದ್ದೇನೆ. ಇಲ್ಲಿರುವ ಕನ್ನಡದ ಮನೆಗಳವರೂ ಕೈಲಾದಷ್ಟು ಕೊಡಿ ಎಂದು ಕೇಳುತ್ತೇನೆ.

ಕಳೆದ ಫೆಬ್ರವರಿಯ ಒಂದು ಭಾನುವಾರ ತೀರ್ಥಹಳ್ಳಿಯಲ್ಲಿರುವ ನನ್ನ ಅಮ್ಮನಿಗೆ ವಿಡಿಯೊ ಕರೆ ಮಾಡಿದ್ದೆವು. ನಮ್ಮ ಕಿಟಕಿಯಲ್ಲಿ ಕುಂಡದೊಳಗೆ ಬೆಳೆದ ದೊಡ್ಡಪತ್ರೆಯ ತಂಬುಳಿ ಮಾಡುವುದನ್ನು ಅಮ್ಮ ಹೇಳುತ್ತಿದ್ದಳು. ಮಗಳು ಓಡಿಹೋಗಿ ಕಾಗದ, ಪೆನ್ಸಿಲ್ ತಂದು ಎದುರಿಗೆ ಕುಳಿತಳು. ಬೇಕಾಗುವ ಸಾಮಾನು ಮೇಲೆ, ಮಾಡುವ ಕ್ರಮ ಕೆಳಗೆ, ಥೇಟು ಮೋಲಿಯ ಹಾಗೆ. ಜೀರಿಗೆ, ಕಾಳುಮೆಣಸು, ತುಪ್ಪ, ತೆಂಗಿನಕಾಯಿ, ಮಜ್ಜಿಗೆ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು. ಒಗ್ಗರಣೆ ಬಂದಾಗ ಮಾತ್ರ ಅವಳಿಗೆ ಅಕ್ಷರ ಹೊಂದಲಿಲ್ಲ. ಕನ್ನಡದಲ್ಲಿ ಬರೆದುಕೊಡು ಎಂದಳು, ಬರೆದುಕೊಟ್ಟೆ, ನೋಡಿಕೊಂಡು ತಿದ್ದಿದಳು.

"ಎಲೆ ಎಷ್ಟು, ಅಮ್ಮಮ್ಮ?"

"ಒಂದು ಹಿಡಿ, ಪುಟ್ಟಿ."

"ಯಾರ ಹಿಡಿ? ನಿನ್ನದೋ, ನನ್ನದೋ?"

ಅಮ್ಮ ಒಂದು ಕ್ಷಣ ಸುಮ್ಮನಾಗಿ, ಕೈ ಚಾಚಿ ಕ್ಯಾಮೆರಾದ ಹತ್ತಿರ ಹಿಡಿದಳು. ಮಗಳು ಅದನ್ನು ನೋಡಿ ಕಾಗದದ ಮೂಲೆಯಲ್ಲಿ ಬಳೆ ಸಮೇತ ಆ ಕೈಯನ್ನು ಬಿಡಿಸಿದಳು. ಹಾಳೆ ಈಗಲೂ ನಮ್ಮ ಫ್ರಿಜ್ಜಿನ ಬಾಗಿಲಿನ ಮೇಲಿದೆ.