ಒಂದೇ ಎಂಜಿನ್, ಮೂರು ಡೈನೊ

985, 812, 861. ಮೂರೂ ಹಾರ್ಸ್‌ಪವರ್ ಅಂಕಿಗಳೇ, ಮೂರೂ ಒಂದೇ ಎಂಜಿನ್‌ನವು. ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಬದಲಾಗಿಲ್ಲ, ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಗಳಿಗೆ, ಡಿಗ್ರಿ ಏರಿಸಿದಷ್ಟೂ ಕಿಡಿ ಬೇಗ) ಬದಲಾಗಿಲ್ಲ. ಬದಲಾಗಿದ್ದು ಅಳೆಯುವ ಯಂತ್ರ, ಅಂದರೆ ಡೈನೊ, ಮಾತ್ರ.

ನಾವಿರುವುದು ಡೆಟ್ರಾಯಿಟ್ ಹತ್ತಿರ. ಕಾರು ನನ್ನ ಗೆಳೆಯನ ಹಳೇ ಟೊಯೋಟಾ ಸುಪ್ರಾ. ಒಳಗಿರುವುದು 2ಜೆಝಡ್-ಜಿಟಿಇ: 3 ಲೀಟರ್, ಸಾಲಾಗಿ ಆರು ಸಿಲಿಂಡರ್, ಬೋರ್ ಮತ್ತು ಸ್ಟ್ರೋಕ್ ಎರಡೂ 86 ಮಿ.ಮೀ., ಬ್ಲಾಕ್ ಎರಕದ ಕಬ್ಬಿಣದ್ದು. ಕಂಪನಿ ಕೊಟ್ಟ ಎರಡು ಚಿಕ್ಕ ಟರ್ಬೊ ತೆಗೆದು ಒಂದು ದೊಡ್ಡದನ್ನು ಹಾಕಿದ್ದೇವೆ. ಪಿಸ್ಟನ್, ರಾಡ್ ಬೇರೆ. ಗೇರ್‌ಬಾಕ್ಸ್ ಜಾಗದಲ್ಲಿ ಟರ್ಬೊ 400 ಅನ್ನುವ ಆಟೊಮ್ಯಾಟಿಕ್ (ಹೆಸರಲ್ಲಷ್ಟೇ ಟರ್ಬೊ). ಬೂಸ್ಟ್ 35 ಪಿಎಸ್‌ಐ. ಇಂಧನ ಇ85.

ಇ85 ಅಂದ ಕೂಡಲೇ ಶೇ. 85 ಎಥನಾಲ್ ಅಂದುಕೊಳ್ಳಬೇಡಿ. ಅಮೆರಿಕದ ಬಂಕ್‌ಗಳಲ್ಲಿ ಅದು ಶೇ. 51ರಿಂದ 83ರವರೆಗೆ ಇರಬಹುದು. ಎಥನಾಲ್ ಕಮ್ಮಿ ಆದರೆ ಎಂಜಿನ್ ತಡೆಯುವ ಬೂಸ್ಟ್ ಕೂಡ ಕಮ್ಮಿ. ಹಾಗಾಗಿ ಒಂದೇ ಕಡೆಯಿಂದ ಡ್ರಮ್‌ಗಟ್ಟಲೆ ತಂದಿಟ್ಟುಕೊಂಡೆವು. ಪ್ರತಿ ಸಲ ಅಳತೆಯ ಗಾಜಿನ ಕೊಳವೆಗೆ ಸ್ವಲ್ಪ ನೀರು, ಸ್ವಲ್ಪ ಇಂಧನ ಹಾಕಿ ಕುಲುಕಿ ನೋಡುತ್ತಿದ್ದೆವು. ಎಥನಾಲ್ ನೀರಿಗೆ ಇಳಿಯುತ್ತದೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಗೆರೆ ಎಲ್ಲಿದೆ ಅಂತ ನೋಡಿದರೆ ಲೆಕ್ಕ ಸಿಕ್ಕಿತು. ಇಷ್ಟು ಮಾಡದೆ ಮೂರು ಡೈನೊ ಹೋಲಿಸಿದರೆ ಅರ್ಥವೇ ಇಲ್ಲ.

ಮೊದಲನೆಯದು ಎಂಜಿನ್ ಡೈನೊ. ಕಾರಿಗೆ ಕೂರಿಸುವ ಮೊದಲು ಬರೀ ಎಂಜಿನ್ನನ್ನು ಸ್ಟ್ಯಾಂಡ್ ಮೇಲೆ ಕಟ್ಟಿ, ಹಿಂದೆ ವಾಟರ್ ಬ್ರೇಕ್ ಜೋಡಿಸುತ್ತಾರೆ. ನೀರೇ ಎಂಜಿನ್‌ನ ಶಕ್ತಿಯನ್ನೆಲ್ಲ ಹೀರಿಕೊಂಡು ಬಿಸಿಯಾಗುತ್ತದೆ. 985 ಬಂದಿದ್ದು ಇಲ್ಲೇ. ಗೇರ್‌ಬಾಕ್ಸ್ ಇಲ್ಲ, ಡಿಫರೆನ್ಷಿಯಲ್ ಇಲ್ಲ, ಟೈರ್ ಇಲ್ಲ, ಅಂಕಿ ದೊಡ್ಡದಾಗದೆ ಇನ್ನೇನಾದೀತು? ಹೊಸ ಎಂಜಿನ್ನನ್ನು ಪಳಗಿಸಲು, ಆಯಿಲ್ ಸೋರಿಕೆ ಹುಡುಕಲು ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಆದರೆ ಅಲ್ಲಿನ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವುದು) ಅವರದು, ಇಂಧನ ಪಂಪ್ ಅವರದು, ಕರೆಂಟ್ ಕೂಡ ಅವರದೇ. ಈ ಮಾತು ನೆನಪಿಟ್ಟುಕೊಳ್ಳಿ.

ಎರಡನೆಯದು ರೋಲರ್ ಡೈನೊ, ಇನರ್ಷಿಯಾ ಬಗೆಯದು. ಹಿಂದಿನ ಚಕ್ರಗಳನ್ನು ಭಾರೀ ಉಕ್ಕಿನ ಡ್ರಮ್ ಮೇಲೆ ನಿಲ್ಲಿಸಿ, ಕಾರನ್ನು ಪಟ್ಟಿಗಳಿಂದ ಬಿಗಿದು ಓಡಿಸುತ್ತಾರೆ. ಡ್ರಮ್ ಎಷ್ಟು ಬೇಗ ವೇಗ ಪಡೆಯಿತು ಅನ್ನುವುದರ ಮೇಲೆ ಹಾರ್ಸ್‌ಪವರ್ ಲೆಕ್ಕ. ಸಾಮಾನ್ಯ ಕಾರಿಗೆ ಇದು ಧಾರಾಳ ಸಾಕು. ನಮ್ಮಂಥ ಕಾರಿಗೆ ಮಾತ್ರ ಎರಡು ಕಡೆ ಕೈಕೊಟ್ಟಿತು.

ಒಂದು, ಡ್ರಮ್ ಬೇಗ ತಿರುಗಿಬಿಡುತ್ತದೆ. ಇಡೀ ಓಟ ನಾಲ್ಕು ಸೆಕೆಂಡಿನ ಆಸುಪಾಸು. ದೊಡ್ಡ ಟರ್ಬೊಗೆ ಉಸಿರು ತುಂಬಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ. ಪೂರ್ತಿ 35 ಪಿಎಸ್‌ಐ ಬರುವಷ್ಟರಲ್ಲಿ 5,900 ಆರ್‌ಪಿಎಂ ಆಗಿತ್ತು. ಇನ್ನೊಂದು, ಟೈರ್ ಜಾರುವುದು. ಡ್ರ್ಯಾಗ್ ಸ್ಲಿಕ್ (ರೇಸಿನ ನುಣುಪು ಟೈರ್) ಬಿಟ್ಟು ರೇಡಿಯಲ್ ಟೈರ್ ಹಾಕಿಕೊಂಡೇ ಹೋಗಿದ್ದೆವು. ಆದರೂ ಮೂರು ಓಟಕ್ಕೆ 798, 812, 805. ಪಟ್ಟಿ ಇನ್ನಷ್ಟು ಬಿಗಿದರೆ ಟೈರ್ ಅಮುಕಿ ಅಂಕಿ ಇಳಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. 14 ಹಾರ್ಸ್‌ಪವರ್ ಹೀಗೆ ಸುಮ್ನೆ ಅತ್ತಿತ್ತ ಆಡುತ್ತಿದ್ದರೆ, ಟೈಮಿಂಗ್ ಒಂದು ಡಿಗ್ರಿ ಏರಿಸಿದ್ದರಿಂದ ಬಂದ ಎಂಟು-ಒಂಬತ್ತನ್ನು ಗುರುತಿಸುವುದು ಹೇಗೆ? ನನಗೆ ದೊಡ್ಡ ಅಂಕಿ ಕೊಡುವ ಡೈನೊ ಬೇಡ. ಹತ್ತು ಸಲ ಓಡಿಸಿದರೆ ಹತ್ತು ಸಲವೂ ಅದೇ ಅಂಕಿ ಕೊಡುವುದು ಬೇಕು.

ಇಲ್ಲೇ ಇನ್ನೊಂದು ವಿಷಯ. ಮೊದಲು ಕೈಗೆ ಬಂದ ಹಾಳೆಯಲ್ಲಿ 838 ಇತ್ತು! ನೋಡಿದರೆ ಅದು ಎಸ್‌ಟಿಡಿ ಕರೆಕ್ಷನ್. ಎಸ್‌ಎಇ ಕರೆಕ್ಷನ್‌ಗೆ ಬದಲಿಸಿದಾಗ 812. ಅದೇ ಓಟ, ಹವಾಮಾನಕ್ಕೆ ಹೊಂದಿಸುವ ಸೂತ್ರ ಮಾತ್ರ ಬೇರೆ. ಯಾರಾದರೂ ಡೈನೊ ಹಾಳೆ ತೋರಿಸಿದರೆ ಮೊದಲು ಯಾವ ಕರೆಕ್ಷನ್ ಅಂತ ನೋಡಿ. ಬೆಂಗಳೂರಿನವರಿಗಂತೂ ಇದು ಜಾಸ್ತಿ ಮುಖ್ಯ. ಊರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು. ಸೂತ್ರ ಶೇ. 10ರ ಆಸುಪಾಸು ಸೇರಿಸಿಬಿಡುತ್ತದೆ. ಟರ್ಬೊ ಎಂಜಿನ್‌ನಲ್ಲಿ ಆ ನಷ್ಟದ ದೊಡ್ಡ ಪಾಲನ್ನು ಟರ್ಬೊನೇ ತುಂಬಿಕೊಟ್ಟಿರುತ್ತದೆ. ಹಾಗಾಗಿ ಸೇರಿಸಿದ ಅಂಕಿಯಲ್ಲಿ ಬಹುಪಾಲು ಕಾಗದದ ಮೇಲಿನದು.

ಮೂರನೆಯದು ಹಬ್ ಡೈನೊ. ಚಕ್ರ ಬಿಚ್ಚಿ, ಅದು ಕೂರುವ ಹಬ್‌ಗೇ ಡೈನೊವನ್ನು ನಟ್ ಹಾಕಿ ಕೂರಿಸುತ್ತಾರೆ. ಟೈರೇ ಇಲ್ಲದ ಮೇಲೆ ಜಾರುವ ಪ್ರಶ್ನೆ ಎಲ್ಲಿ? ಲೋಡ್ ಎಷ್ಟು ಅಂತ ನಾವೇ ಹೇಳಬಹುದು. 4,000 ಆರ್‌ಪಿಎಂನಲ್ಲಿ ಕಟ್ಟಿ ನಿಲ್ಲಿಸು ಅಂದರೆ ನಿಲ್ಲಿಸುತ್ತದೆ. ಓಟವನ್ನು ಎಂಟು ಸೆಕೆಂಡಿಗೆ ಎಳೆದೆವು. ಬೂಸ್ಟ್ 5,200ಕ್ಕೇ ತುಂಬಿತು.

ಮೊದಲ ಓಟದಲ್ಲೇ ಗೆಳೆಯ ಲ್ಯಾಪ್‌ಟಾಪ್ ಕಡೆ ಬೆರಳು ಮಾಡಿದ. "ಏ, ಫ್ಯುಯೆಲ್ ಪ್ರೆಶರ್ ಬೀಳ್ತಿದೆ ನೋಡೋ!" ಬೇಸ್ 43, ಅದರ ಮೇಲೆ ಬೂಸ್ಟ್ 35, ಒಟ್ಟು 78 ಪಿಎಸ್‌ಐ ಇರಬೇಕಿತ್ತು. 6,500 ದಾಟಿದ ಮೇಲೆ 71ಕ್ಕೆ ಇಳಿದಿತ್ತು. ತಕ್ಷಣ ಕಾಲು ತೆಗೆದ. ಆ ಬೂಸ್ಟ್‌ನಲ್ಲಿ ಇಂಧನ ಕಮ್ಮಿ ಆದರೆ ಪಿಸ್ಟನ್ ಕರಗುವುದಕ್ಕೆ ಹೆಚ್ಚು ಹೊತ್ತು ಬೇಡ. ಹುಡುಕಿದಾಗ ಸಿಕ್ಕಿದ್ದು, ಪಂಪ್‌ಗೆ ನಾವೇ ಎಳೆದಿದ್ದ ವೈರ್ ತೆಳುವಾಗಿತ್ತು. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತಿತ್ತು. ಎಂಜಿನ್ ಡೈನೊದಲ್ಲಿ ಪಂಪ್ ನಮ್ಮದಲ್ಲ, ಅಲ್ಲಿ ಕಾಣುವಂತೆಯೇ ಇರಲಿಲ್ಲ. ರೋಲರ್‌ನ ಲಾಗ್ ತೆಗೆದು ನೋಡಿದರೆ ಎರಡು-ಮೂರು ಪಿಎಸ್‌ಐ ಇಳಿದಿತ್ತು. ಸೆನ್ಸರ್ ಅಲುಗಾಟ ಅಂತ ಬಿಟ್ಟುಬಿಟ್ಟಿದ್ದೆವು. ಓಟ ಅಷ್ಟು ಬೇಗ ಮುಗಿದಿದ್ದರಿಂದ ಎಂಜಿನ್ ಉಳಿಯಿತು.

ದಪ್ಪ ವೈರ್ ಹಾಕಿ ಮುಂದಿನ ಶನಿವಾರ ಮತ್ತೆ ಹೋದೆವು. 861. ಮತ್ತೆ 860. ಮತ್ತೆ 862. ನನಗೆ ಆ ಕ್ಷಣಕ್ಕೇ ತೀರ್ಮಾನ ಆಯಿತು. ಟೈಮಿಂಗ್ 17 ಡಿಗ್ರಿಯಿಂದ 18ಕ್ಕೆ ಏರಿಸಿದಾಗ ಒಂಬತ್ತು ಹಾರ್ಸ್‌ಪವರ್ ಬಂತು. 19ಕ್ಕೆ ಏರಿಸಿದಾಗ ಬರೀ ಎರಡು. ಆರನೇ ಸಿಲಿಂಡರ್‌ನ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆವು. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಷ್ಟು ಸಣ್ಣದಾಗಿ ಎರಡು ಚುಕ್ಕಿ. ಬೆಳಕಿಗೆ ಹಿಡಿದರೆ ಮಿನುಗುತ್ತವೆ. ಅದು ಪಿಸ್ಟನ್‌ನ ಅಲ್ಯೂಮಿನಿಯಂ, ನಾಕಿಂಗ್ (ಇಂಧನ ಹದ ತಪ್ಪಿ ಸಿಡಿಯುವುದು) ಶುರುವಾಗಿತ್ತು. 18ಕ್ಕೆ ಇಳಿಸಿ, ಹೊಸ ಪ್ಲಗ್ ಹಾಕಿ ಓಡಿಸಿದೆವು. ಚುಕ್ಕಿ ಇಲ್ಲ.

ಹಬ್ ಡೈನೊಗೂ ಮಿತಿ ಇದೆ. ಜೋಡಿಸಲು ಹೊತ್ತು ಹಿಡಿಯುತ್ತದೆ, ಗಂಟೆ ಲೆಕ್ಕದಲ್ಲಿ ದುಡ್ಡು. ಲೋಡ್ ಮೇಲೆ ತುಂಬ ಹೊತ್ತು ಹಿಡಿದರೆ ಟರ್ಬೈನ್ ಕೆಂಪಗೆ ಕಾಯುತ್ತದೆ, ಓಟದಿಂದ ಓಟಕ್ಕೆ ಆರಲು ಬಿಡಲೇಬೇಕು. ಟ್ರಾನ್ಸ್‌ಬ್ರೇಕ್ (ಹೊರಡುವವರೆಗೆ ಗೇರ್‌ಬಾಕ್ಸನ್ನೇ ಕಟ್ಟಿಹಾಕುವ ಬ್ರೇಕ್) ಹಿಡಿದು ಬೂಸ್ಟ್ ಕಟ್ಟಿ ಕಾರನ್ನು ಹಾರಿಸುವ ಗಳಿಗೆ ಯಾವ ಡೈನೊದಲ್ಲೂ ಸಿಗುವುದಿಲ್ಲ. ಅದಕ್ಕೆ ಟ್ರ್ಯಾಕೇ ಆಗಬೇಕು.

ಇಲ್ಲೇ ಮಿಷಿಗನ್‌ನ ರೇಸ್ ಟ್ರ್ಯಾಕ್ ಮಿಲಾನ್ ಡ್ರ್ಯಾಗ್‌ವೇಯಲ್ಲಿ ಕಾಲು ಮೈಲಿಯ ಕೊನೆಗೆ 149 ಮೈಲಿ ವೇಗ ಬಂತು, ಅಂದರೆ ಗಂಟೆಗೆ 240 ಕಿ.ಮೀ. ಚಾಲಕ ಸೇರಿ ಕಾರಿನ ತೂಕ 3,300 ಪೌಂಡ್. ಮೈಲಿ ಲೆಕ್ಕದ ವೇಗವನ್ನು 234ರಿಂದ ಭಾಗಿಸಿ, ಘನ ಮಾಡಿ, ತೂಕದಿಂದ ಗುಣಿಸುವ ಹಳೇ ಲೆಕ್ಕ ಇದೆಯಲ್ವಾ, ಅದರಲ್ಲಿ 850ರ ಸುತ್ತ ಬರುತ್ತದೆ. ಅಂದಾಜಿನ ಲೆಕ್ಕವೇ ಸರಿ, ಆದರೂ ಹಬ್ ಡೈನೊ ಹೇಳಿದ್ದಕ್ಕೆ ಹತ್ತಿರ.

ಈ ಬೇಸಿಗೆಯಲ್ಲಿ ಇನ್ನೂ ದೊಡ್ಡ ಟರ್ಬೊ ಹಾಕುತ್ತಿದ್ದೇವೆ. ಎಂಜಿನ್ ಕೆಳಗಿಳಿಸುವುದಿಲ್ಲ. ಹಬ್ ಡೈನೊದಲ್ಲಿ ಎರಡು ಶನಿವಾರ ಬುಕ್ ಮಾಡಿದ್ದಾಗಿದೆ.